ಸೋಮವಾರದ ಎಣ್ಣೆ

ಆ ಸೋಮವಾರವೂ ಎಣ್ಣೆ ಒಡೆಯಲಿಲ್ಲ. ಕಲಕುವ ಮೋಟಾರು ಆರಿಸಿ ಫ್ಲಾಸ್ಕನ್ನು ಸುಮ್ಮನೆ ಬಿಟ್ಟರೆ ಅದು ತಾನಾಗಿಯೇ ಎರಡು ಪದರವಾಗಬೇಕು. ಮೇಲೆ ಜೇನುಬಣ್ಣದ ತೆಳು ಇಂಧನ, ತಳದಲ್ಲಿ ಕಂದುಬಣ್ಣದ ಗ್ಲಿಸರಿನ್. ಹಿಂದಿನ ಗುರುವಾರ ನನ್ನ ಕಣ್ಣೆದುರೇ ಹಾಗೆ ಆಗಿತ್ತು. ಈಗ ಮಾತ್ರ ಗಾಜಿನೊಳಗೆ ಗಂಜಿಯಂಥದೊಂದು ನಿಂತಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಮತ್ತ ಹಂಗೇ ಆತು ನೋಡ್ರಿ ಆಂಟಿ," ಎಂದು ಹುಡುಗಿ ರಕ್ಷಣೆಯ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿದಳು. "ಅದೇ ಎಣ್ಣಿ, ಅದೇ ಟೆಂಪರೇಚರ್, ಅದೇ ಕ್ಯಾಟಲಿಸ್ಟ್. ಗುರುವಾರ ಛಲೋ ಬರ್ತದ, ಸೋಮವಾರ ಕೆಡ್ತದ. ಎಣ್ಣಿಗೇನ್ ವಾರ ಗೊತ್ತಾಗ್ತದೇನ್ರಿ?"

"ನಮ್ಮಲ್ಲಿ ಎಣ್ಣೆಗೂ ವಾರ ಇದೆ ಕಣಮ್ಮ. ಶನಿವಾರ ಎಳ್ಳೆಣ್ಣೇನೇ ಹಚ್ಚಬೇಕು," ಎಂದೆ. ಅವಳನ್ನು ನಗಿಸಲು ಹೇಳಿದ ಮಾತು. ಅವಳು ನಕ್ಕಳು ಕೂಡ. ಆ ಮಾತಿನಲ್ಲೇ ಉತ್ತರ ಕೂತಿತ್ತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹುಡುಗಿ ಕಲಬುರಗಿ ಕಡೆಯವಳು. ಇಟ್ಟಮಡುವಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ಜೆ.ಪಿ. ನಗರದಾಚೆಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಮನೆವಾರ್ತೆಯವಳು. ಬೆಳಗಿನ ಅಡುಗೆ ಮುಗಿಸಿ, ನಮ್ಮ ರಸ್ತೆಯ ಕೊನೆಯಲ್ಲಿರುವ ಅಮ್ಮನವರ ಗುಡಿಯಲ್ಲಿ ದೀಪದ ಕಟ್ಟೆ ತೊಳೆಯುವ ಸೇವೆ ಮಾಡುತ್ತಿದ್ದೆ. ಭಕ್ತರು ಹಚ್ಚಿದ ದೀಪ ಆರಿದ ಮೇಲೆ ಹಣತೆಗಳಲ್ಲಿ ಉಳಿಯುವ ಎಣ್ಣೆ ಮೊದಲೆಲ್ಲ ಮೋರಿಗೆ ಹೋಗುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕ ಹುಡುಗಿಯ ಹತ್ತಿರ ಇದನ್ನು ಹೇಳಿಕೊಂಡೆ. "ಅಯ್ಯ, ನನಗ ಕೊಡ್ರಿ ಆಂಟಿ, ನನಗ ಅದೇ ಬೇಕಾಗ್ಯದ," ಎಂದಳು. ಅರ್ಚಕರೂ ಒಪ್ಪಿದರು. ಮೋರಿಗೆ ಹೋಗುವುದು ತಪ್ಪಿತಲ್ಲ, ಅಷ್ಟೇ ಸಾಕು ಎಂದು ನಾನು ಕ್ಯಾನುಗಳಲ್ಲಿ ತುಂಬಿಸಿ ಕೊಡತೊಡಗಿದೆ. ಅವಳು ಅದನ್ನೆಲ್ಲ ಕಾಲೇಜಿನ ಹಿಂಭಾಗದ ಶೆಡ್ಡಿನಲ್ಲಿದ್ದ ಒಂದೇ ಡ್ರಮ್ಮಿಗೆ ಸುರಿದು, ಕೋಲಿನಿಂದ ಕಲಕಿ, ತಳದ ನಲ್ಲಿಯಿಂದ ಬೇಕಾದಷ್ಟು ಹಿಡಿದುಕೊಳ್ಳುತ್ತಿದ್ದಳು.

ಎಣ್ಣೆ ಕೊಡುತ್ತಿದ್ದವಳು ಶೆಡ್ಡಿನೊಳಕ್ಕೇ ಹೋಗುವಂತಾದದ್ದು ಆಕಸ್ಮಿಕ. ಈ ಪ್ರಯೋಗಕ್ಕೆ ನಾಲ್ಕು ಕೈ ಬೇಕು. ಜೊತೆಗಿದ್ದ ವಿದ್ಯಾರ್ಥಿನಿ ಹೊಸೂರಿನ ಕಡೆ ಕೆಲಸ ಸಿಕ್ಕಿ ಹೊರಟುಹೋದಳು. ಬದಲಿಗೆ ಯಾರೂ ಸಿಗದೆ, ಹುಡುಗಿ ತನ್ನ ಗೈಡ್ ಪ್ರೊಫೆಸರರ ಅನುಮತಿ ಪಡೆದು ನನ್ನನ್ನು ಕರೆದಳು. "ನೀವು ಬರೇ ನಳಿಕಿ ಹಿಡಿದು ಗಡಿಯಾರ ನೋಡಿದ್ರ ಸಾಕ್ರಿ," ಎಂದಳು.

ಮೊದಲ ದಿನವೇ ಪ್ರೊಫೆಸರರು ಬಾಗಿಲಲ್ಲಿ ತಡೆದರು. "ಮೇಡಂ, ತಪ್ಪು ತಿಳ್ಕೋಬೇಡಿ. ಬ್ಯಾಗಲ್ಲಿ ಏನೇನಿದೆ?"

"ಕುಂಕುಮದ ಡಬ್ಬಿ, ಪ್ರಸಾದದ ಹಣ್ಣು, ಹೂಬತ್ತಿ, ಬೆಂಕಿಪೊಟ್ಟಣ."

"ಬೆಂಕಿಪೊಟ್ಟಣ! ಒಳಗೆ ಮೆಥನಾಲ್ ಇದೆ ಮೇಡಂ. ನೀವು ಇಲ್ಲಿ ಒಂದು ದೀಪ ಹಚ್ಚಿಬಿಟ್ರೆ ನಮಗೆಲ್ಲ ಮಂಗಳಾರತಿ ಆಗೋಗುತ್ತೆ."

ಅಂದಿನಿಂದ ನನ್ನ ಬೆಂಕಿಪೊಟ್ಟಣ ಗೇಟಿನ ಸೆಕ್ಯುರಿಟಿಯವರ ಮೇಜಿನ ಮೇಲೆ ಕೂರುತ್ತಿತ್ತು. ಸಂಜೆ ಹೊರಡುವಾಗ ಅವರು ಅದನ್ನು ಎತ್ತಿ ಹಿಡಿದು, "ತಗೊಳ್ಳಿ ಅಮ್ಮ, ನಿಮ್ಮ ಆಯುಧ," ಎನ್ನುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಬಿಳಿ ಕೋಟು, ಕೈಗೆ ಗವಸು, ಕಣ್ಣಿಗೆ ದೊಡ್ಡ ಕನ್ನಡಕ. ಆ ವೇಷದ ಫೋಟೋ ನೋಡಿ ನಮ್ಮ ಯಜಮಾನರು, "ಇದೇನೇ, ಬಾವಿ ರಿಪೇರಿಗೆ ಹೋಗ್ತಿದೀಯಾ?" ಎಂದು ಕೇಳಿದರು.

ಕೆಲಸ ಹೀಗೆ. ಎಣ್ಣೆಯನ್ನು ಮೊದಲು ಚೆನ್ನಾಗಿ ಕಾಯಿಸಿ ತೇವ ಹಾರಿಸಬೇಕು. ಬಿಸಿ ಇಳಿದ ಮೇಲೆ ಮೂರು ಕುತ್ತಿಗೆಯ ಗಾಜಿನ ಫ್ಲಾಸ್ಕಿಗೆ ಅಳೆದು ಸುರಿದು, ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕು. ಒಂದು ಕುತ್ತಿಗೆಗೆ ಕಲಕುವ ಕೋಲು, ಇನ್ನೊಂದಕ್ಕೆ ಥರ್ಮಾಮೀಟರು. ಮೂರನೆಯದಕ್ಕೆ ಮೆಥನಾಲಿನ ಆವಿ ಹಾರಿಹೋಗದಂತೆ ತಣ್ಣೀರು ಹರಿಯುವ ಗಾಜಿನ ಕೊಳವೆ. ಬೇರೆ ಪಾತ್ರೆಯಲ್ಲಿ ಮೆಥನಾಲಿಗೆ ಕ್ಷಾರ ಕರಗಿಸಿಟ್ಟಿರುತ್ತದೆ. ಆ ಕ್ಷಾರವೇ ಕ್ಯಾಟಲಿಸ್ಟು, ಕೆಲಸ ಚುರುಕುಗೊಳಿಸುವುದು ಅದು. ಇದನ್ನು ಎಣ್ಣೆಗೆ ಸುರಿದ ಕ್ಷಣದಿಂದ ಗಡಿಯಾರ ಶುರು.

ಎಣ್ಣೆ ಇಂಧನವಾಗುತ್ತದೆ ಎನ್ನುವುದು ಎಂದೋ ಗೊತ್ತಾಗಿರುವ ಸಂಗತಿ. ಹುಡುಗಿಗೆ ಬೇಕಿದ್ದುದು ಅದು ಎಷ್ಟು ವೇಗದಲ್ಲಿ ಆಗುತ್ತದೆ, ಮೂರು ಹಂತದಲ್ಲಿ ಬಿಸಿ ಏರಿಸಿದರೆ ಆ ವೇಗ ಎಷ್ಟು ಏರುತ್ತದೆ ಎನ್ನುವುದು. ಅದಕ್ಕಾಗಿ ಪ್ರಯೋಗದ ನಡುನಡುವೆ ಫ್ಲಾಸ್ಕಿನಿಂದ ಚೂರು ಚೂರು ತೆಗೆದು, ಅಷ್ಟು ಹೊತ್ತಿಗೆ ಎಷ್ಟು ಎಣ್ಣೆ ಬದಲಾಗಿದೆ, ಎಷ್ಟು ಉಳಿದಿದೆ ಎಂದು ನೋಡಬೇಕು. ತೆಗೆದರಷ್ಟೇ ಸಾಲದು. ಹೆಪ್ಪು ಹಾಕಿದ ಹಾಲನ್ನು ಲೋಟಕ್ಕೆ ಬಗ್ಗಿಸಿಟ್ಟರೆ ಲೋಟದಲ್ಲೂ ಅದು ಮೊಸರಾಗುತ್ತಲೇ ಹೋಗುತ್ತದಲ್ಲ, ಹಾಗೆ ಇದೂ ನಳಿಕೆಯೊಳಗೆ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟ ಆಮ್ಲದ ನೀರಿಗೆ ಹಾಕಿ ಕುಲುಕಬೇಕು. ಆಮ್ಲ ಕ್ಷಾರವನ್ನು ಕೊಲ್ಲುತ್ತದೆ, ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಹುಡುಗಿ ಪಿಪೆಟ್ಟಿನಲ್ಲಿ ಎಳೆಯುವುದು, ನಾನು ನಳಿಕೆ ಒಡ್ಡಿ, ಬಿರಡೆ ಹಾಕಿ, ಕುಲುಕಿ, ಮಂಜುಗಡ್ಡೆಗೆ ಊರುವುದು. ಅವಳು "ಹ್ಞಾಂ" ಅಂದರೆ ನಾನು "ಬಂತು" ಅನ್ನಬೇಕು. ಶುರುವಿನಲ್ಲಂತೂ ಉಸಿರಾಡಲು ಪುರಸೊತ್ತಿಲ್ಲ, ಒಂದು ಕುಲುಕುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹಬ್ಬದ ದಿನ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸಿ ಬಡಿಸಿದ ಅಭ್ಯಾಸ ನನ್ನನ್ನು ಕಾಪಾಡಿತು.

ಆಮೇಲೆ ಹುಡುಗಿ ಕಂಪ್ಯೂಟರಿನಲ್ಲಿ ಚುಕ್ಕಿಗಳನ್ನಿಟ್ಟು ಗೆರೆ ಎಳೆಯುತ್ತಿದ್ದಳು. "ನೋಡ್ರಿ ಆಂಟಿ, ಮೊದಲ ಸ್ವಲ್ಪ ಹೊತ್ತು ಗೆರಿ ಏಳಂಗಿಲ್ಲ. ಎಣ್ಣಿಗೂ ಮೆಥನಾಲಿಗೂ ಮಾತಿಲ್ಲ ಕಥಿಯಿಲ್ಲ. ಆಮ್ಯಾಲ ಕಲಕಿ ಕಲಕಿ ಬೆರೀತಾವ, ಆಗ ಒಮ್ಮಿಂದೊಮ್ಮೆ ಓಡ್ತದ. ಕಡೀಕ ದಣೀತದ."

"ಹೊಸ ಸೊಸೆ ಬಂದ ಮನೆ ಥರ," ಎಂದೆ.

"ಇದನ್ನ ನಾ ಥೀಸಿಸ್‌ನಾಗ ಬರೀಲಿಕ್ಕೆ ಬರಂಗಿಲ್ರಿ," ಎಂದು ನಕ್ಕಳು.

ಗುರುವಾರದ ಗೆರೆ ಹಾಗೆಯೇ ಇರುತ್ತಿತ್ತು. ಸೋಮವಾರದ ಗೆರೆ ಮಾತ್ರ ಏಳುವುದೇ ಇಲ್ಲ. ತೆವಳಿಕೊಂಡು ಹೋಗಿ ಅರ್ಧದಾರಿಯಲ್ಲಿ ಮಲಗಿಬಿಡುತ್ತಿತ್ತು.

ಏನೇನು ಅನುಮಾನಿಸಲಿಲ್ಲ! ಕ್ಷಾರ ಗಾಳಿಯ ತೇವ ಹೀರಿರಬಹುದೆಂದು ಹೊಸ ಬಾಟಲಿ ಒಡೆದಳು. ಥರ್ಮಾಮೀಟರು ಬದಲಾಯಿತು. ಕಲಕುವ ಕೋಲಿನ ವೇಗವನ್ನು ಅಳೆದು ನೋಡಿದ್ದಾಯಿತು. ಎಣ್ಣೆಯಲ್ಲಿ ಹುಳಿಯ ಅಂಶ ಹೆಚ್ಚಿದ್ದರೆ ಕ್ಷಾರವನ್ನು ತಿಂದುಬಿಡುತ್ತದೆ ಎಂದು ಡ್ರಮ್ಮಿನ ಬಾಯಿಯಿಂದ ಪಿಪೆಟ್ಟಿನಲ್ಲಿ ಎಣ್ಣೆ ತೆಗೆದು ಪರೀಕ್ಷಿಸಿದಳು. ಹನಿ ಹನಿಯಾಗಿ ಬಿಟ್ಟ ದ್ರಾವಣ ತಿಳಿಗುಲಾಬಿಗೆ ತಿರುಗುವ ಜಾಗ ಸೋಮವಾರವೂ ಅದೇ, ಗುರುವಾರವೂ ಅದೇ. ಎಣ್ಣೆಯದೇನೂ ತಪ್ಪಿಲ್ಲ ಎಂದಾಯಿತು.

ಒಂದು ವ್ಯತ್ಯಾಸವಂತೂ ಇತ್ತು. ಸೋಮವಾರದ ಎಣ್ಣೆ ಕಾಯಿಸುವಾಗ ಚಟಪಟ ಸಿಡಿಯುತ್ತಿತ್ತು. ನೀರು ಸೇರಿದೆ ಎಂದು ನನಗೆ ನನ್ನ ಮೇಲೇ ಗುಮಾನಿ. ದೇವರ ಎಣ್ಣೆ ಎಂದು ನಾನು ಪ್ರತಿಸಲ ಕ್ಯಾನು ತೊಳೆದೇ ತುಂಬಿಸುತ್ತಿದ್ದೆ. ಅಂದಿನಿಂದ ತೊಳೆದ ಕ್ಯಾನುಗಳನ್ನು ತಾರಸಿಯ ಬಿಸಿಲಿಗೆ ಬೋರಲು ಹಾಕಿ ಒಣಗಿಸಿದೆ. ಆದರೂ ಸಿಡಿಯಿತು. "ಸಿಡೀಲಿ ಬಿಡ್ರಿ, ಕಾಯಿಸಿದ್ಮ್ಯಾಲ ನೀರು ಹೋಗೇ ಹೋಗ್ತದ," ಎಂದಳು ಹುಡುಗಿ. ಹೋಗುತ್ತಿತ್ತು ಕೂಡ. ಕಾದ ಎಣ್ಣೆ ನೋಡಲು ತಿಳಿಯಾಗಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಪ್ರೊಫೆಸರರು ಶೆಡ್ಡಿಗೆ ಬಂದು ಗೆರೆಗಳನ್ನೆಲ್ಲ ನೋಡಿದರು. ಒಳ್ಳೆಯ ಮನುಷ್ಯ, ದನಿ ಏರಿಸಿದ್ದನ್ನು ನಾನು ಕಾಣೆ. "ನೋಡಮ್ಮ, ರಿವ್ಯೂ ಹತ್ತಿರ ಬಂತು. ನಿನ್ನ ರಿಜಿಸ್ಟ್ರೇಶನ್ ಒಂದು ಸಲ ಮುಂದಕ್ಕೆ ಹಾಕಿಸಿದೀವಿ, ಇನ್ನೊಂದು ಸಲ ಆಗಲ್ಲ. ಒಂದೇ ಎಣ್ಣೆ, ಒಂದೇ ಬಿಸಿ, ಎರಡು ವೇಗ ಅಂದ್ರೆ ಕಮಿಟಿ ಒಪ್ಪಲ್ಲ. ಯಾಕೆ ಅಂತ ಹೇಳು, ಇಲ್ಲ ಅಂಗಡಿ ಎಣ್ಣೆ ತಂದು ಮೊದಲಿಂದ ಶುರು ಮಾಡು."

"ಮೊದಲಿಂದ ಅಂದ್ರ ಸರ್, ಅಷ್ಟ್ರಾಗ ಆಗಂಗಿಲ್ಲ."

"ನನಗೂ ಗೊತ್ತು," ಎಂದು ಅವರು ಹೊರಟುಹೋದರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಸಂಜೆಯ ಹೊತ್ತಿನಲ್ಲಿ ಅದು ಸಣ್ಣ ಉಪಕಾರವಲ್ಲ. ಹುಡುಗಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಆರು ವರ್ಷದ ಓದು ಒಂದು ಗೆರೆಯ ಮೇಲೆ ನಿಂತಿತ್ತು. ಬನಶಂಕರಿ ದಾಟಿದ ಮೇಲೆ ಮೆಲ್ಲಗೆ ಹೇಳಿದಳು: "ಆಂಟಿ, ಸೋಮವಾರದ್ದೆಲ್ಲ ಬಿಟ್ಟು ಬರೇ ಗುರುವಾರದ್ದು ತೋರಿಸಿದ್ರ ಯಾರಿಗೂ ಗೊತ್ತಾಗಂಗಿಲ್ರಿ."

ಬೇಡ ಎನ್ನಲು ನಾನು ಯಾರು? ಹ್ಞೂಂ ಎನ್ನಲು ಬಾಯಿ ಬರಲಿಲ್ಲ. ಅವಳೇ ಸ್ವಲ್ಪ ದೂರ ಹೋದ ಮೇಲೆ, "ನನಗ ಗೊತ್ತಿರ್ತದಲ್ರಿ," ಎಂದು ಕಣ್ಣು ಮುಚ್ಚಿಕೊಂಡಳು.

ಕೆಮಿಸ್ಟ್ರಿಯಲ್ಲಿ ನನ್ನಿಂದ ಆಗುವುದೇನಿರಲಿಲ್ಲ. ಆಗುವುದನ್ನು ಮಾಡಿದೆ. "ಶುಕ್ರವಾರ ಕಾಲೇಜಿಗೆ ಸ್ವಲ್ಪ ತಡವಾಗಿ ಹೋಗು. ರಾಹುಕಾಲದಲ್ಲಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚು. ಒಂಬತ್ತು ಶುಕ್ರವಾರ ಹಚ್ತೀನಿ, ಕೆಲಸ ಕೈಗೂಡಿಸು ಅಂತ ಹೇಳ್ಕೋ," ಎಂದೆ.

"ನಿಂಬಿಹಣ್ಣಿನ ದೀಪ? ನಮ್ಮ ಕಡೆ ನಾ ನೋಡಿಲ್ರಿ."

"ಇಲ್ಲಿ ನೋಡುವೆಯಂತೆ ಬಾ."

ಆ ಶುಕ್ರವಾರ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ಒಂದು ಹಣ್ಣು ಹೆಚ್ಚಿಕೊಟ್ಟೆ. ಎರಡು ಹೋಳು ಮಾಡಿ ರಸ ಹಿಂಡಿ, ಸಿಪ್ಪೆಯ ಒಳಮೈಯನ್ನು ಹೊರಗೆ ತಿರುವಿದರೆ ಪುಟ್ಟ ಬಟ್ಟಲಾಗುತ್ತದೆ. ಅದಕ್ಕೆ ಎಣ್ಣೆಯನ್ನೋ ತುಪ್ಪವನ್ನೋ ಹಾಕಿ ಬತ್ತಿಯಿಟ್ಟು ಹಚ್ಚುವುದು. ಹುಡುಗಿಯ ಮೊದಲ ಬಟ್ಟಲು ಹರಿಯಿತು. ಎರಡನೆಯದು ನಿಂತಿತು. ದೀಪ ಹಚ್ಚಿ ಪ್ರದಕ್ಷಿಣೆ ಹಾಕಿ ಬಂದು ನನ್ನ ಪಕ್ಕ ಕೂತಳು.

ಹೊತ್ತು ಕಳೆದು ದೀಪಗಳು ಆರಿದ ಮೇಲೆ ನಾನು ದಿನದಂತೆ ಕೆಲಸ ಶುರುಮಾಡಿದೆ. ಆರಿದ ಸಿಪ್ಪೆಗಳನ್ನೆಲ್ಲ ಬಾಚಿ, ಪಾತ್ರೆಯ ಮೇಲಿಟ್ಟ ಜಾಲರಿಗೆ ಬೋರಲು ಹಾಕಿ, ಅಂಗೈಯಿಂದ ಅದುಮಿದೆ. ಎಣ್ಣೆ ತೊಟ್ಟಿಕ್ಕಿತು. ಇನ್ನೊಮ್ಮೆ ಅದುಮಿದೆ.

"ಆಂಟಿ, ಏನ್ ಮಾಡ್ಲಿಕತ್ತೀರಿ?"

"ಎಣ್ಣೆ ಬಸೀತಿದೀನಿ ಕಣಮ್ಮ. ಅಮ್ಮನಿಗೆ ಹಚ್ಚಿದ್ದು, ಒಂದು ಹನೀನೂ ಪೋಲಾಗಬಾರದು."

"ಇದೂ ಅದೇ ಕ್ಯಾನಿಗೇ ಹೋಗ್ತದೇನ್ರಿ?"

"ಮತ್ತೆ? ಬಟ್ಟೇಲಿ ಸೋಸಿ ಅದಕ್ಕೇ ಹಾಕೋದು."

ಹುಡುಗಿ ಬಗ್ಗಿ, ಜಾಲರಿಯ ಕೆಳಗಿನ ಪಾತ್ರೆಯ ತಳಕ್ಕೆ ಬೆರಳು ಅದ್ದಿ, ನಾಲಗೆಗೆ ಇಟ್ಟುಕೊಂಡಳು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹಿರಿಯಮ್ಮ ಕೈಯ ಮಾಲೆ ಬಿಟ್ಟು ಕೂಗಿದರು: "ಅಯ್ಯೋ, ನೋಡೇ ಅಲ್ಲಿ! ನಿಮ್ಮನೆ ಹುಡುಗಿ ದೀಪದೆಣ್ಣೆ ನೆಕ್ತಾ ಇದೆ! ಬೆಳಿಗ್ಗೆ ತಿಂಡಿ ಹಾಕಿದ್ಯೋ ಇಲ್ವೋ ಅದಕ್ಕೆ?"

ಹುಡುಗಿಗೆ ಅದು ಕೇಳಿಸಲೇ ಇಲ್ಲ. ಅವಳ ಕಣ್ಣು ತುಂಬಿತ್ತು. "ಹುಳಿ ಅದರೀ ಆಂಟಿ," ಎಂದಳು. "ಹುಳಿ!"

ಅಲ್ಲೇ ದೀಪದ ಕಟ್ಟೆಯ ಮೇಲೆ ಕೂತು ಅವಳು ನನಗೆ ಬಿಡಿಸಿ ಹೇಳಿದಳು. ನಾನು ಅದುಮಿದಾಗ ಎಣ್ಣೆಯ ಜೊತೆಗೆ ಸಿಪ್ಪೆಯಲ್ಲುಳಿದ ರಸವೂ ಇಳಿಯುತ್ತಿತ್ತು. ನಿಂಬೆ ದೀಪ ಹಚ್ಚುವ ಮಂಗಳವಾರ, ಶುಕ್ರವಾರದ ಎಣ್ಣೆಯೆಲ್ಲ ಹೀಗೆಯೇ ಬಂದದ್ದು. ರಸ ಎಣ್ಣೆಯಲ್ಲಿ ಬೆರೆಯುವುದಿಲ್ಲ, ತಳಕ್ಕಿಳಿಯುತ್ತದೆ. ವಾರದ ಎಣ್ಣೆಯನ್ನೆಲ್ಲ ಶನಿವಾರ ಡ್ರಮ್ಮಿಗೆ ಸುರಿದು ಕಲಕುತ್ತಿದ್ದೆವು. ಭಾನುವಾರ ಅಲುಗಾಡದೆ ನಿಂತ ಡ್ರಮ್ಮಿನ ತಳದಲ್ಲಿ ರಸ ಕೂಡಿಕೊಳ್ಳುತ್ತಿತ್ತು. ಸೋಮವಾರ ತಳದ ನಲ್ಲಿ ತಿರುಗಿಸಿದರೆ ಮೊದಲು ಬರುವುದೇ ಅದು. ಗುರುವಾರದ ಹೊತ್ತಿಗೆ ರಸವೆಲ್ಲ ಹೋಗಿ ಒಳ್ಳೆಯ ಎಣ್ಣೆ ಬರುತ್ತಿತ್ತು. ಕಾಯಿಸಿದಾಗ ರಸದ ನೀರು ಹಾರುತ್ತದೆ, ಹುಳಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಎಣ್ಣೆಯಲ್ಲೇ ಉಳಿಯುತ್ತದೆ. ಉಳಿದು ಕ್ಷಾರವನ್ನು ತಿನ್ನುತ್ತದೆ. ಪರೀಕ್ಷೆಗೆ ಎಣ್ಣೆ ತೆಗೆದದ್ದು ಡ್ರಮ್ಮಿನ ಮೇಲಿನಿಂದ. ಅಲ್ಲಿ ಹುಳಿ ಎಲ್ಲಿಂದ ಬರಬೇಕು?

"ನಾವು ನಳಿಕ್ಯಾಗ ಆಮ್ಲ ಹಾಕಿ ರಿಯಾಕ್ಷನ್ ನಿಲ್ಲಿಸ್ತಿದ್ವಿ. ಫ್ಲಾಸ್ಕಿನಾಗ ಅದು ಮೊದಲೇ ಕೂತಿತ್ತು ನೋಡ್ರಿ," ಎಂದಳು.

ಪ್ರತಿಸಲ ನಾನು ತೆಳು ಬಟ್ಟೆಯಲ್ಲಿ ಸೋಸಿ, ಕಸವಿಲ್ಲದಂತೆ ಕೊಡುತ್ತಿದ್ದೆ. ಒಂದೇ ಒಂದು ನಿಂಬೆಬೀಜ ಡ್ರಮ್ಮಿಗೆ ಬಿದ್ದಿದ್ದರೂ ಅವಳಿಗೆ ಎಂದೋ ತಿಳಿಯುತ್ತಿತ್ತು. ಅದನ್ನು ಹೇಳಿದಾಗ ಅವಳು ನನ್ನ ಎಣ್ಣೆಗೈಯನ್ನೇ ಹಿಡಿದುಕೊಂಡು, "ನೀವು ಕರ್ಕೊಂಡು ಬರಲಿಲ್ಲಂದ್ರ ನಾ ಇಲ್ಲಿಗಿ ಬರ್ತಿದ್ನೇನ್ರಿ?" ಎಂದಳು. ಅಮ್ಮನ ಕಡೆ ನೋಡಿದೆ. ಅರಿಶಿನದ ಮುಖ, ಅದೇ ನಗು.

ರಿವ್ಯೂಗೆ ಇನ್ನು ಹೆಚ್ಚು ದಿನವಿರಲಿಲ್ಲ. ಪ್ರೊಫೆಸರರು ಕೇಳಿ ಖುಷಿಪಟ್ಟರು. "ಸರಿ, ತಳದ್ದು ಬಸಿದು ಚೆಲ್ಲು. ಮೇಲಿನ ಒಳ್ಳೆ ಎಣ್ಣೇಲಿ ಮೂರು ಬಿಸಿಗೂ ಒಂದೊಂದು ರನ್ ಮಾಡ್ಕೊಂಡು ಕಮಿಟಿ ಮುಂದೆ ಕೂತ್ಕೋ. ಸಾಕು," ಎಂದರು. ಸುಲಭದ ದಾರಿ, ಸುಳ್ಳೂ ಅಲ್ಲ.

ಹುಡುಗಿ ಡ್ರಮ್ಮಿನೊಳಗೆ ಇಣುಕಿದಳು. ಒಳ್ಳೆಯ ಎಣ್ಣೆ ಉಳಿದದ್ದು ಆ ಮೂರು ರನ್ನಿಗಾಗುವಷ್ಟೇ.

"ಬ್ಯಾಡ ಸರ್," ಎಂದಳು. "ಹುಳಿಯಿಂದಾನೇ ಕೆಟ್ಟದ್ದು ಅಂತ ನಾ ಅಂದುಕೊಂಡೀನಿ, ತೋರಿಸಿಲ್ಲ. ಮೂರು ಬಿಸಿದು ಗುರುವಾರದ ಹಳೆ ರನ್‌ಗಳೇ ಅವ. ಈ ಎಣ್ಣಿಗಿ ಬೇಕಂತಲೇ ನಿಂಬಿರಸ ಹಾಕಿ ಕೆಡಿಸಿ ನೋಡ್ತೀನಿ. ಸೋಮವಾರದ ಗೆರಿನೇ ಬರಬೇಕು. ಆಮ್ಯಾಲ ಕೆಟ್ಟ ಎಣ್ಣಿ ತೊಳೆದು ನೋಡ್ತೀನಿ. ಗುರುವಾರದ ಗೆರಿ ಬರಬೇಕು."

"ಬರದೇ ಇದ್ರೆ? ಕೈಲಿ ಏನೂ ಉಳಿಯಲ್ಲ."

"ಬರಲಿಲ್ಲಂದ್ರ ನನಗ ಗೊತ್ತಾಗಿಲ್ಲಂತ ಅರ್ಥ ಸರ್."

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲೇನಿತ್ತು? "ಸರಿ, ನಿಂಬೆಹಣ್ಣು ಬ್ಯಾಗಲ್ಲೇ ಇದೆ," ಎಂದುಬಿಟ್ಟೆ. ಬೆಂಕಿಪೊಟ್ಟಣ ಗೇಟಿನಲ್ಲಿದ್ದರೂ ಅಮ್ಮನ ಗುಡಿಯಿಂದ ತಂದ ಪ್ರಸಾದದ ಹಣ್ಣು ಸದಾ ಬ್ಯಾಗಿನಲ್ಲಿರುತ್ತದೆ.

ಆ ಹಣ್ಣನ್ನು ನಾನೇ ಹೆಚ್ಚಿ ಹಿಂಡಿದೆ. ಹುಡುಗಿ ರಸ ಅಳೆದು ಒಳ್ಳೆಯ ಎಣ್ಣೆಗೆ ಸುರಿದಳು. ಹಾಲಿಗೆ ಉಪ್ಪು ಹಾಕುವುದನ್ನು ನಿಂತು ನೋಡಿದ ಹಾಗಾಯಿತು. ಕಾಯಿಸಿದಾಗ ಚಟಪಟ ಸಿಡಿಯಿತು. ಆ ಸದ್ದು ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಪರಿಚಯದ ಸದ್ದು! ತಿಳಿಯಾದ ಮೇಲೆ ಫ್ಲಾಸ್ಕಿಗೆ ಸುರಿದು, ಬಿಸಿ ಏರಿಸಿ, ಮೆಥನಾಲು ಸೇರಿಸಿದಳು. ಹ್ಞಾಂ. ಬಂತು. ಹ್ಞಾಂ. ಬಂತು. ನಡುವೆ ಒಮ್ಮೆ ಕರೆಂಟು ಹೋಗಿ, ನಾನು ದೇವರ ಹೆಸರು ಹೇಳುವಷ್ಟರಲ್ಲಿ ಬಂತು. ಅದು ಅಂದಿನ ದೊಡ್ಡ ಕೃಪೆ. ತಡವಾಗಿದ್ದರೆ ತೊಟ್ಟಿಯ ಬಿಸಿ ಇಳಿದು ರನ್ ಹಾಳಾಗುತ್ತಿತ್ತು.

ಮೋಟಾರು ಆರಿಸಿ ಕಾದೆವು. ಎಣ್ಣೆ ಒಡೆಯಲಿಲ್ಲ. ಗಂಜಿ ಹಾಗೇ ನಿಂತಿತು.

ಕೆಟ್ಟ ಅಡುಗೆ ನೋಡಿ ಅಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಸಂಜೆ ನಳಿಕೆಗಳ ಲೆಕ್ಕವೆಲ್ಲ ಮುಗಿಸಿ ಹುಡುಗಿ ಗೆರೆ ಎಳೆದಳು. ಅದು ಮೆಲ್ಲಗೆ ತೆವಳಿಕೊಂಡು ಹೋಗಿ, ಸೋಮವಾರದ ಗೆರೆಯ ಪಕ್ಕದಲ್ಲೇ ಮಲಗಿತು.

ಉಳಿದದ್ದು ತೊಳೆಯುವ ಕೆಲಸ. ಡ್ರಮ್ಮಿನ ತಳದ ಕೆಟ್ಟ ಎಣ್ಣೆಗೆ ಬಿಸಿನೀರು ಹಾಕಿ ಮೆಲ್ಲಗೆ ಅಲುಗಿಸಿ, ನೀರು ಕೆಳಗಿಳಿದ ಮೇಲೆ ಬಸಿದು ಬಿಡುವುದು. ಹುಳಿ ನೀರಿನ ಜೊತೆ ಹೋಗುತ್ತದೆ. ಜೋರಾಗಿ ಕುಲುಕಿದರೆ ನೊರೆಯೆದ್ದು ಎಣ್ಣೆ ನೀರು ಬೇರೆಯಾಗಲು ಇಡೀ ದಿನ ಬೇಕು. ನಾನು ಮೊದಲ ಸಲ ಕುಲುಕಿದ್ದು ಹಾಗೆಯೇ. ಬಸಿದ ನೀರು ಹುಳಿ ಪತ್ತೆ ಮಾಡುವ ಲಿಟ್ಮಸ್ ಕಾಗದದ ಬಣ್ಣ ಬದಲಿಸದಷ್ಟಾಗುವವರೆಗೆ ತೊಳೆದು, ಕಾಯಿಸಿ, ಈ ಸಲ ಎಲ್ಲವನ್ನೂ ಚೆನ್ನಾಗಿ ಕಲಕಿ ನಡುವಿನಿಂದ ತೆಗೆದು ಪರೀಕ್ಷಿಸಿ, ಆಮೇಲೆ ಫ್ಲಾಸ್ಕಿಗೆ ಹಾಕಿದೆವು.

ಕಾಯುವಾಗ ನಾನು ಒಳಗೇ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ. ಗಾಜಿನ ತಳದಲ್ಲಿ ಮೊದಲು ಒಂದು ಕಂದು ನೆರಳು ಕಂಡಿತು. ಆಮೇಲೆ ಅದು ಬೆರಳಗಲವಾಯಿತು. ಮೇಲೆ ಜೇನುಬಣ್ಣ ತಿಳಿಯಾಗುತ್ತ ಬಂತು. ಹುಡುಗಿ ನೆಲದ ಮೇಲೆ ಕೂತುಬಿಟ್ಟಳು.

ಇತ್ತ ಗುಡಿಯಲ್ಲಿ ನಾನು ಎರಡು ಕ್ಯಾನು ಇಟ್ಟೆ. ಹಣತೆಯ ಎಣ್ಣೆಗೆ ಒಂದು, ನಿಂಬೆ ದೀಪದ್ದಕ್ಕೆ ಒಂದು. ಹಿರಿಯಮ್ಮನಿಗೆ ಸರಿಬರಲಿಲ್ಲ. "ಏನೇ ಇದು? ಅಮ್ಮನಿಗೆ ಹಚ್ಚಿದ ಎಣ್ಣೇಲೂ ಪಂಕ್ತಿಭೇದ ಮಾಡ್ತೀಯಾ?"

"ಭೇದ ಅಲ್ಲ ಅಮ್ಮ. ಎರಡೂ ಅಲ್ಲಿಗೇ ಹೋಗೋದು. ಇದಕ್ಕೆ ಸ್ನಾನ ಮಾಡಿಸಿ ಕಳಿಸ್ಬೇಕು, ಅಷ್ಟೇ."

"ಸ್ನಾನನಾ?" ಎಂದು ಅವರು ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಸರಿ. ಮಡೀಲೇ ಹೋಗುತ್ತೆ ಅನ್ನು." ಆಮೇಲೆ ಬಂದ ಹೆಂಗಸರಿಗೆಲ್ಲ ಯಾವ ಎಣ್ಣೆ ಯಾವ ಕ್ಯಾನಿಗೆ ಎಂದು ಹೇಳಿ ಗದರುವ ಕೆಲಸ ಅವರೇ ವಹಿಸಿಕೊಂಡರು. ನನಗೆ ಒಂದು ಹೊರೆ ಇಳಿಯಿತು.

ರಿವ್ಯೂ ದಿನ ನನಗೆ ಒಳಗೆ ಹೋಗುವ ಹಾಗಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲವಾದ್ದರಿಂದ ದನಿಗಳು ಕೇಳುತ್ತಿದ್ದವು. ಯಾರೋ ಹಿರಿಯರು, "ನಿಂಬೆರಸಾನಾ? ಬಯೋಡೀಸೆಲ್ ರಿಯಾಕ್ಟರಿಗೆ ನಿಂಬೆರಸ ಎಲ್ಲಿಂದ ಬಂತಮ್ಮ?" ಎಂದು ಕೇಳಿದರು. ಹುಡುಗಿ ರಾಹುಕಾಲದಿಂದ ಶುರುಮಾಡಿ ಹೇಳಿದಳು. ನಾನು ಸೆರಗಿನ ತುದಿ ಹಿಡಿದುಕೊಂಡೆ. ಆಮೇಲೆ ಅದೇ ದನಿ, "ಕೆಟ್ಟಿರೋ ರನ್‌ಗಳನ್ನೂ ತೋರ್ಸು, ಒಂದೊಂದಾಗಿ," ಎಂದಿತು. ಅವಳು ತೋರಿಸಿದಳು. ಎಲ್ಲವನ್ನೂ, ಸೋಮವಾರಗಳನ್ನೆಲ್ಲ.

ಪ್ರೊಫೆಸರರು ಮೊದಲು ಹೊರಗೆ ಬಂದರು. "ಒಪ್ಕೊಂಡ್ರು ಮೇಡಂ. ಕೆಟ್ಟಿದ್ದೇ ಒಂದು ಅಧ್ಯಾಯ ಆಗುತ್ತೆ ಅಂದ್ರು. ಬರೆಯೋಕೆ ಹೇಳಿದಾರೆ," ಎಂದರು. ಹಿಂದೆಯೇ ಬಂದ ಹುಡುಗಿ ನನ್ನ ಹೆಗಲಿಗೆ ಹಣೆಯಿಟ್ಟಳು. ಗೇಟಿನಲ್ಲಿ ಸೆಕ್ಯುರಿಟಿಯವರಿಂದ ಬೆಂಕಿಪೊಟ್ಟಣ ಮರೆಯದೆ ತೆಗೆದುಕೊಂಡೆ.

ಒಂಬತ್ತು ಶುಕ್ರವಾರ ಇನ್ನೂ ಮುಗಿದಿರಲಿಲ್ಲ. "ಕೆಲಸ ಆತಲ್ರಿ ಆಂಟಿ, ಇನ್ನೂ ಹಚ್ಚಬೇಕೇನ್ರಿ?" ಎಂದು ಕೇಳಿದಳು.

"ಹೇಳ್ಕೊಂಡ ಮೇಲೆ ಮುಗಿಸ್ಬೇಕಮ್ಮ."

ಹಚ್ಚಿದಳು. ಕೊನೆಯ ಶುಕ್ರವಾರ ಅವಳ ನಿಂಬೆ ಬಟ್ಟಲು ಒಂದೂ ಹರಿಯಲಿಲ್ಲ. ಜನ ಕರಗಿದ ಮೇಲೆ ನಾನು ಜಾಲರಿ ಎತ್ತಿಕೊಂಡು ಬಂದೆ. ಅವಳದೊಂದು ದೀಪ ಇನ್ನೂ ಉರಿಯುತ್ತಿತ್ತು. ನಾಲ್ಕು ತಿಂಗಳು ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ. ನಡೆಯುತ್ತಿದ್ದುದನ್ನು ಹೊತ್ತು ನೋಡಿ ಹಿಡಿದು ನಿಲ್ಲಿಸುವುದು. ಅಭ್ಯಾಸಬಲದಿಂದ ಅವಳ ಮಾತೇ ನನ್ನ ಬಾಯಲ್ಲಿ, "ಹ್ಞಾಂ?" ಎಂದು ಬಂತು.

"ತಡೀರಿ ಆಂಟಿ," ಎಂದಳು ಹುಡುಗಿ. "ತಾನೇ ಮುಗೀಲಿ."

ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ಎಣ್ಣೆ ಇಳಿಯುತ್ತ ಹೋಯಿತು, ಬತ್ತಿ ವಾಲಿತು, ಒಮ್ಮೆ ಚಟ್ ಎಂದು ಸಿಡಿಯಿತು. ಇಬ್ಬರಿಗೂ ನಗು ಬಂತು. ದೀಪ ಆರಿದ ಮೇಲೆ ಅವಳೇ ಎದ್ದು ಸಿಪ್ಪೆಯನ್ನು ಜಾಲರಿಗೆ ಬೋರಲು ಹಾಕಿದಳು. ಅದುಮಲಿಲ್ಲ. ತಾನಾಗಿ ಇಳಿದಷ್ಟು ಇಳಿಯಲೆಂದು ಬಿಟ್ಟಳು.